ಕುದಿಯುವ ನೀರಿನ ಲೆಕ್ಕ: ಅಣು ರಿಯಾಕ್ಟರ್‌ನ ಟೂ-ಫೇಸ್ ಫ್ಲೋ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರಿನಲ್ಲಿ ಮೆಕ್ಯಾನಿಕಲ್ ಹುಡುಗರಿಗೆ ಪಾಠ ಮಾಡುತ್ತೇನೆ. ಉಳಿದ ಹೊತ್ತು ರಿಯಾಕ್ಟರ್ ಪೈಪುಗಳಲ್ಲಿ ನೀರು, ಹಬೆ ಎರಡೂ ಒಟ್ಟಿಗೆ ಹರಿಯುವುದನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುತ್ತೇನೆ. ಶಕ್ತಿನಗರ ಉಷ್ಣ ವಿದ್ಯುತ್ ಸ್ಥಾವರದ ಆಪರೇಟರ್‌ಗಳು, ಕಾರಟಗಿಯ ರೈಸ್ ಮಿಲ್‌ನವರು, ಬಳ್ಳಾರಿಯಲ್ಲಿ ಎಂ.ಟೆಕ್ ಮಾಡುತ್ತಿರುವವರು, ಮದುವೆ ಪಂಕ್ತಿಯಲ್ಲಿ ಪಕ್ಕ ಕೂತವರು, ಹೀಗೆ ಬೇರೆ ಬೇರೆ ಜನ ಕೇಳಿದ ಪ್ರಶ್ನೆಗಳು ಇಲ್ಲಿವೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲಿಗೆ

"ಟೂ-ಫೇಸ್ ಅಂದ್ರೆ ಕರೆಂಟಿನ ಫೇಸೇನ್ರಿ ಸರ್?"

ಅಲ್ಲ. ಇಲ್ಲಿ ಫೇಸ್ ಅಂದರೆ ವಸ್ತುವಿನ ಸ್ಥಿತಿ. ನೀರು ಒಂದು, ಹಬೆ ಇನ್ನೊಂದು. ಅನ್ನದ ಪಾತ್ರೆ ಕುದಿಯುವಾಗ ಗುಳ್ಳೆ ಮತ್ತು ನೀರು ಒಟ್ಟಿಗೆ ಏಳುತ್ತವಲ್ಲ, ಅದೇ ಟೂ-ಫೇಸ್ ಫ್ಲೋ. ರಿಯಾಕ್ಟರ್‌ನಲ್ಲಿ ಅದು ಜಾಸ್ತಿ ಒತ್ತಡದಲ್ಲಿ, ಬೆರಳಿನಷ್ಟು ಇಕ್ಕಟ್ಟಾದ ಸಂದುಗಳಲ್ಲಿ ನಡೆಯುತ್ತದೆ.

"ಕೈಗಾದಲ್ಲಿ ನೀರು ಕುದಿಯೋದೇ ಇಲ್ಲ ಅಂತಾರೆ. ಮತ್ತೆ ಈ ಲೆಕ್ಕ ಯಾಕೆ ಬೇಕು?"

ಮಾತು ಬಹುಮಟ್ಟಿಗೆ ನಿಜ. ಕೈಗಾದ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಲ್ಲಿ ಭಾರಜಲವನ್ನು ಒತ್ತಡದಲ್ಲಿ ಹಿಡಿದಿಟ್ಟಿರುತ್ತಾರೆ. ಅದು ಸುಮಾರು 293 ಡಿಗ್ರಿಗೆ ಹೊರಬಂದರೂ ದ್ರವವಾಗಿಯೇ ಇರುತ್ತದೆ. ಕೂಡಂಕುಳಂನಲ್ಲೂ ಹಾಗೇ. ಆದರೆ 1969ರಿಂದ ಇರುವ ತಾರಾಪುರದ ಮೊದಲ ಎರಡು ಘಟಕಗಳು ಬಾಯ್ಲಿಂಗ್ ವಾಟರ್ ರಿಯಾಕ್ಟರ್‌ಗಳು. ಅಲ್ಲಿ ಇಂಧನದ ಪಕ್ಕದಲ್ಲೇ ನೀರು ಕುದಿಯಬೇಕು, ಅದೇ ಹಬೆ ಟರ್ಬೈನ್ ತಿರುಗಿಸಬೇಕು.

ಕುದಿಯದ ರಿಯಾಕ್ಟರ್‌ಗೂ ಲೆಕ್ಕ ಬೇಕೇ ಬೇಕು. ಪೈಪ್ ಒಡೆದರೆ ಒತ್ತಡ ಬೀಳುತ್ತದೆ. ಒತ್ತಡ ಬಿದ್ದ ತಕ್ಷಣ ಆ ಬಿಸಿನೀರು ತಾನಾಗಿಯೇ ಹಬೆಯಾಗಿ ಸಿಡಿಯುತ್ತದೆ. ಇಂಥ ಘಟನೆಯನ್ನು ನಿಜವಾದ ರಿಯಾಕ್ಟರ್‌ನಲ್ಲಿ ಮಾಡಿ ನೋಡಲು ಆಗುವುದಿಲ್ಲ. ಹಾಗಾಗಿ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು.

"ಶಕ್ತಿನಗರದ ಬಾಯ್ಲರ್‌ನಾಗೂ ಕುದಿಯೋದು ನೀರೇ ಅಲ್ವಾ? ಅದಕ್ಕೇನು ಇಷ್ಟು ತಲೆ ಕೆಡಿಸ್ಕೊಳ್ಳಲ್ವಲ್ಲ?"

ಶಕ್ತಿನಗರದ ಡ್ರಮ್ ಬಾಯ್ಲರ್‌ನ ಗೋಡೆ ಟ್ಯೂಬುಗಳಲ್ಲಿ ಏಳುವುದು ಇದೇ ನೀರು-ಹಬೆ ಮಿಶ್ರಣ. ಅದಕ್ಕೂ ಇದೇ ಸಮೀಕರಣಗಳು. ವ್ಯತ್ಯಾಸ ಇರುವುದು ಬೆಂಕಿ ಆರಿಸುವಲ್ಲಿ. ಕಲ್ಲಿದ್ದಲು ಕೊಡುವುದು ನಿಲ್ಲಿಸಿದರೆ ಉರಿ ಆರುತ್ತದೆ. ರಿಯಾಕ್ಟರ್‌ನಲ್ಲಿ ಸರಪಳಿ ಕ್ರಿಯೆ ನಿಲ್ಲಿಸಿದರೂ ಇಂಧನದಲ್ಲಿ ಉಳಿದ ವಿಕಿರಣದ ವಸ್ತುಗಳು ಬಿಸಿ ಕೊಡುತ್ತಲೇ ಇರುತ್ತವೆ. ನಿಲ್ಲಿಸಿದ ಗಳಿಗೆಯಲ್ಲಿ ಅದು ಪೂರ್ಣ ಶಾಖದ ಶೇಕಡಾ 6ರಷ್ಟು. ಕೈಗಾದ ಒಂದು ಘಟಕದ ಶಾಖ ಸುಮಾರು 750 ಮೆಗಾವ್ಯಾಟ್ ಅಂದುಕೊಂಡರೆ, ಆಫ್ ಮಾಡಿದ ಮೇಲೂ 45 ಮೆಗಾವ್ಯಾಟ್! ಕೆಲವು ಗಂಟೆಗಳಲ್ಲಿ ಅದು ಶೇಕಡಾ 1ಕ್ಕೆ ಇಳಿಯುತ್ತದೆ, ಸೊನ್ನೆಗೆ ಇಳಿಯುವುದಿಲ್ಲ. 2011ರಲ್ಲಿ ಫುಕುಶಿಮಾದಲ್ಲಿ ಇಂಧನ ಕರಗಿಸಿದ್ದು ಈ ಉಳಿಕೆ ಬಿಸಿಯೇ.

ಇಲ್ಲೇ ಪಕ್ಕದ ಯರಮರಸ್ ಸ್ಥಾವರದ ವಿಷಯ ಬೇರೆ. ಅಲ್ಲಿನ 800 ಮೆಗಾವ್ಯಾಟ್ ಘಟಕಗಳು ಸೂಪರ್‌ಕ್ರಿಟಿಕಲ್. 221 ಬಾರ್ ದಾಟಿದ ಮೇಲೆ ನೀರು, ಹಬೆ ಅನ್ನುವ ಭೇದವೇ ಇಲ್ಲ. ಗುಳ್ಳೆ ಇಲ್ಲ, ಕುದಿಯುವುದೂ ಇಲ್ಲ. ಒಂದೇ ಊರಿನ ಆಸುಪಾಸಿನಲ್ಲಿ ಎರಡೂ ಬಗೆ ಇರುವುದು ನಮ್ಮ ವಿದ್ಯಾರ್ಥಿಗಳ ಪುಣ್ಯ ಅಂತ ನಾನು ಯಾವಾಗಲೂ ಹೇಳುತ್ತೇನೆ.

"ನೀರು ಎಷ್ಟೈತಿ ಅಂತ ಮೀಟರ್ ನೋಡಿದ್ರ ಗೊತ್ತಾಗಲ್ಲೇನ್ರಿ?"

ಇದನ್ನು ಕೇಳಿದ್ದು ಕಾರಟಗಿಯ ಒಂದು ರೈಸ್ ಮಿಲ್‌ನ ಬಾಯ್ಲರ್ ಆಪರೇಟರ್. ಉತ್ತರ ಅವರ ಮುಂದೆಯೇ ಇತ್ತು.

ಹೊಟ್ಟು ಉರಿಸುವ ಬಾಯ್ಲರ್. ಪಕ್ಕದಲ್ಲಿ ಉದ್ದನೆಯ ಗೇಜ್ ಗ್ಲಾಸ್. ಗಾಜಿನ ಮೇಲೆ ಕೆಂಪು ಪೇಂಟಿನ ಗೀಟು, ನೀರು ಅದರ ಸರಿಸಮ ನಿಂತಿತ್ತು. ಭತ್ತ ಕುದಿಸುವ ತೊಟ್ಟಿಗೆ ಸ್ಟೀಮ್ ಬೇಕಾಯಿತು. ಅವರು ವಾಲ್ವನ್ನು ಒಮ್ಮೆಲೇ ತೆರೆದರು. ಹಬೆ ಹೊರಗೆ ಹೋಗುತ್ತಿದೆ, ಅಂದರೆ ಬಾಯ್ಲರ್‌ನಲ್ಲಿ ನೀರು ಕಡಿಮೆಯಾಗುತ್ತಿದೆ. ಆದರೆ ಗಾಜಿನಲ್ಲಿ ಮಟ್ಟ ಗೀಟು ದಾಟಿ ಎರಡು ಬೆರಳು ಮೇಲೆ ಬಂತು! ಒತ್ತಡ ಬಿದ್ದಿದ್ದಕ್ಕೆ ಒಳಗೆಲ್ಲಾ ಗುಳ್ಳೆ ಎದ್ದು ನೀರು ಉಬ್ಬಿತ್ತು. ಸ್ವಲ್ಪ ಹೊತ್ತಿಗೆ ಉಬ್ಬರ ಇಳಿದು, ಮಟ್ಟ ಗೀಟಿನ ಕೆಳಗೆ ಹೋಯಿತು. "ಇದು ದಿನಾ ಆಗತೈತ್ರಿ, ಉಬ್ಬಿದಾಗ ಫೀಡ್ ಪಂಪ್ ಬಂದ್ ಮಾಡಬಾರದು" ಅಂದರು.

1979ರ ಮಾರ್ಚ್ 28ರ ಬೆಳಗಿನ ಜಾವ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್‌ನಲ್ಲಿ ನಡೆದದ್ದು ಇದರ ಹತ್ತಿರದ ನೆಂಟ. ಪ್ರೆಶರೈಸರ್ (ಒತ್ತಡ ಕಾಪಾಡುವ ತೊಟ್ಟಿ) ಮೇಲಿನ ರಿಲೀಫ್ ವಾಲ್ವ್ ತೆರೆದುಕೊಂಡೇ ಉಳಿಯಿತು. ನೀರು ಸೋರಿ ಹೋಗುತ್ತಿತ್ತು, ಆದರೆ ಮೀಟರ್‌ನಲ್ಲಿ ಪ್ರೆಶರೈಸರ್ ಮಟ್ಟ ಏರುತ್ತಿತ್ತು. ನೀರು ಜಾಸ್ತಿಯಾಗಿದೆ ಅಂದುಕೊಂಡು ಆಪರೇಟರ್‌ಗಳು ತುರ್ತು ನೀರನ್ನು ಕಡಿಮೆ ಮಾಡಿದರು. ಕೊನೆಗೆ ರಿಯಾಕ್ಟರ್‌ನ ಇಂಧನದ ಹೆಚ್ಚುಕಡಿಮೆ ಅರ್ಧ ಕರಗಿತು. ಮೀಟರ್ ಕೆಟ್ಟಿರಲಿಲ್ಲ. ಅದು ತೋರಿಸಿದ್ದು ಮಟ್ಟವನ್ನು. ಜನಕ್ಕೆ ಬೇಕಾಗಿದ್ದದ್ದು ನೀರು ಎಷ್ಟು ಉಳಿದಿದೆ ಅನ್ನುವುದು. ಗುಳ್ಳೆ ಬಂದ ಮೇಲೆ ಇವೆರಡೂ ಬೇರೆ ಬೇರೆ. ನಮ್ಮ ಲೆಕ್ಕವೆಲ್ಲ ಹುಟ್ಟುವುದು ಆ ಅಂತರದಲ್ಲೇ.

## ಲೆಕ್ಕದ ಒಳಗೆ

"10 ಪರ್ಸೆಂಟ್ ಹಬೆ ಅಂದ್ರೆ ಪೈಪಿನಲ್ಲಿ 10 ಪರ್ಸೆಂಟ್ ಜಾಗ ಅಲ್ವಾ ಸರ್?"

ಪ್ರತಿ ವರ್ಷ ಪರೀಕ್ಷೆಯಲ್ಲಿ ಮಾರ್ಕ್ಸ್ ಕಳೆಯುವ ಪ್ರಶ್ನೆ ಇದು. ಒಮ್ಮೆ ಕೈಯಲ್ಲೇ ಮಾಡಿ ನೋಡಿ.

ಒತ್ತಡ 70 ಬಾರ್, ಅಂದರೆ ಬಾಯ್ಲಿಂಗ್ ವಾಟರ್ ರಿಯಾಕ್ಟರ್‌ನದು. ಅಲ್ಲಿ ನೀರು ಕುದಿಯುವುದು ಸುಮಾರು 286 ಡಿಗ್ರಿಗೆ. ಒಂದು ಘನ ಮೀಟರ್ ನೀರಿನ ತೂಕ ಸುಮಾರು 740 ಕೆಜಿ, ಹಬೆಯದು 36.5 ಕೆಜಿ. 100 ಕೆಜಿ ಮಿಶ್ರಣ ತೆಗೆದುಕೊಳ್ಳಿ. ಅದರಲ್ಲಿ 10 ಕೆಜಿ ಹಬೆ, ಅದಕ್ಕೆ ಬೇಕಾದ ಜಾಗ 274 ಲೀಟರ್. ಉಳಿದ 90 ಕೆಜಿ ನೀರಿಗೆ 122 ಲೀಟರ್. ಒಟ್ಟು 396 ಲೀಟರ್‌ನಲ್ಲಿ ಹಬೆಯ ಪಾಲು ಶೇಕಡಾ 69! ತೂಕದ ಪಾಲಿಗೆ ಕ್ವಾಲಿಟಿ ಅನ್ನುತ್ತೇವೆ, ಜಾಗದ ಪಾಲಿಗೆ ವಾಯ್ಡ್ ಫ್ರ್ಯಾಕ್ಷನ್. ನಮ್ಮ ಅಡುಗೆಮನೆಯ ಒತ್ತಡದಲ್ಲಾದರೆ ತೂಕದಲ್ಲಿ ಬರೀ ಶೇಕಡಾ 1 ಹಬೆ ಸಾಕು, ಅದು ಶೇಕಡಾ 94 ಜಾಗ ನುಂಗುತ್ತದೆ.

ಇದು ಎರಡೂ ಒಂದೇ ವೇಗದಲ್ಲಿ ಹೋದರೆ ಮಾತ್ರ. ಹಬೆ ಹಗುರ, ಅದು ಮುಂದೆ ಓಡುತ್ತದೆ. ನೀರಿಗಿಂತ ಒಂದೂವರೆ ಪಟ್ಟು ವೇಗ ಅಂದುಕೊಂಡರೆ 69 ಇದ್ದದ್ದು 60ಕ್ಕೆ ಇಳಿಯುತ್ತದೆ. ಈ ವೇಗದ ಅನುಪಾತಕ್ಕೆ ಸ್ಲಿಪ್ ಅಂತ ಹೆಸರು. ಕೋರ್‌ನಲ್ಲಿ, ಅಂದರೆ ಇಂಧನ ಇರುವ ಭಾಗದಲ್ಲಿ, ಎಷ್ಟು ನೀರಿದೆ ಅನ್ನುವ ಉತ್ತರ ಪೂರ್ತಿ ಈ ಒಂದು ಸಂಖ್ಯೆಯ ಕೈಯಲ್ಲಿದೆ.

"ಮೂರು ಸಮೀಕರಣ ಸಾಕಾ, ಆರು ಬೇಕಾ? ಗೈಡ್ ಆರು ಅಂತಾರೆ, ಸೀನಿಯರ್ ಮೂರು ಅಂತಾರೆ."

ಮೂರು ಅಂದರೆ ಹೋಮೋಜೀನಿಯಸ್ ಮಾದರಿ. ನೀರು-ಹಬೆಯನ್ನು ಮಜ್ಜಿಗೆಯ ಹಾಗೆ ಕಡೆದ ಒಂದೇ ದ್ರವ ಅಂದುಕೊಂಡು ದ್ರವ್ಯರಾಶಿ, ಸಂವೇಗ, ಶಕ್ತಿಗೆ ಒಂದೊಂದು ಸಮೀಕರಣ ಬರೆಯುವುದು. ಆರು ಅಂದರೆ ಟೂ-ಫ್ಲೂಯಿಡ್ ಮಾದರಿ: ನೀರಿಗೆ ಮೂರು, ಹಬೆಗೆ ಮೂರು. ನಡುವೆ ಡ್ರಿಫ್ಟ್-ಫ್ಲಕ್ಸ್ ಇದೆ. 1965ರಲ್ಲಿ ಝುಬರ್ ಮತ್ತು ಫಿಂಡ್ಲೆ ಕೊಟ್ಟ ದಾರಿ. ಮಿಶ್ರಣದ ಲೆಕ್ಕ ಒಂದೇ ಇಟ್ಟು, ಹಬೆ ಎಷ್ಟು ಮುಂದೆ ಓಡುತ್ತದೆ ಅನ್ನುವುದನ್ನು ಒಂದು ಸೂತ್ರದಿಂದ ಕೂಡಿಸುವುದು.

ನನ್ನ ಸಲಹೆ ನೇರ. ಪೈಪ್ ನೆಟ್ಟಗೆ ನಿಂತಿದ್ದು, ಹರಿವು ನಿಧಾನವಾಗಿ ಬದಲಾಗುವುದಾದರೆ ಡ್ರಿಫ್ಟ್-ಫ್ಲಕ್ಸ್ ಬಳಸಿ. ನೀರು ಕೆಳಗೆ, ಹಬೆ ಮೇಲೆ ಎದುರುಬದುರು ಹರಿಯುವಲ್ಲಿ, ತಣ್ಣೀರು ಬಿಸಿ ಹಬೆಗೆ ಬಂದು ಬೀಳುವಲ್ಲಿ ಆರು ಸಮೀಕರಣ ಬಿಟ್ಟರೆ ಗತಿ ಇಲ್ಲ. ಅಮೆರಿಕದ ರಿಲ್ಯಾಪ್5, ಟ್ರೇಸ್, ಫ್ರಾನ್ಸಿನ ಕಥಾರೆ, ಜರ್ಮನಿಯ ಅಥ್ಲೆಟ್‌ನಂಥ ಕೋಡ್‌ಗಳು, ಅಂದರೆ ರಿಯಾಕ್ಟರ್ ಲೆಕ್ಕದ ಪ್ರೋಗ್ರಾಂಗಳು, ಆರು ಸಮೀಕರಣ ಹಿಡಿಯುವುದು ಇದಕ್ಕೇ.

"ಆರು ಸಮೀಕರಣ ಬರೆದಾಯ್ತು. ಮತ್ತೆ ಈ ಕೊರಿಲೇಷನ್‌ಗಳ ರಾಶಿ ಯಾಕೆ?"

ನೀರು ಹಬೆಯನ್ನು ಎಷ್ಟು ಎಳೆಯುತ್ತದೆ, ಎಷ್ಟು ಬಿಸಿ ಕೊಡುತ್ತದೆ ಅನ್ನುವುದನ್ನು ಸಮೀಕರಣ ಹೇಳುವುದಿಲ್ಲ. ಸರಾಸರಿ ತೆಗೆಯುವಾಗ ಗುಳ್ಳೆಯ ಆಕಾರ ಅಳಿಸಿ ಹೋಗಿರುತ್ತದೆ. ಅಳಿಸಿದ್ದನ್ನು ಪ್ರಯೋಗದಿಂದ ತಂದು ತುಂಬಬೇಕು. ಆ ಪ್ರಯೋಗದ ಸೂತ್ರಗಳೇ ಕೊರಿಲೇಷನ್. ನನ್ನ ಅನುಭವದಲ್ಲಿ ದೊಡ್ಡ ತಪ್ಪುಗಳು ಬರುವುದು ಇಲ್ಲಿಂದಲೇ. ಗಣಿತದಿಂದ ಬರುವುದು ಕಡಿಮೆ.

ಮನೆಯಲ್ಲೇ ನೋಡಿ. ಜೋಳದ ರೊಟ್ಟಿ ಹಂಚು ಆಗಷ್ಟೇ ಕಾಯುತ್ತಿರುವಾಗ ನಾಲ್ಕು ಹನಿ ಚಿಮುಕಿಸಿ. ಹನಿ ಅಂಟಿಕೊಂಡು ಚುಂಯ್ ಅಂತ ಮಾಯವಾಗುತ್ತದೆ. ಅದೇ ಹಂಚು ಚೆನ್ನಾಗಿ ಕಾದ ಮೇಲೆ ಚಿಮುಕಿಸಿ. ಹನಿ ಮಣಿಯಾಗಿ ಉರುಳಾಡುತ್ತದೆ, ಬೇಗ ಆವಿಯಾಗುವುದಿಲ್ಲ. ಹನಿಯ ಕೆಳಗೆ ಹಬೆಯ ಪೊರೆ ಬಂದು ಬಿಸಿ ದಾಟುವುದನ್ನು ತಡೆಯುತ್ತದೆ. ಹಂಚು ಜಾಸ್ತಿ ಬಿಸಿ, ಆದರೆ ತಂಪಾಗುವುದು ಕಡಿಮೆ! ಇಂಧನ ಕಡ್ಡಿಯ ಮೇಲೆ ಇದೇ ಆದರೆ ಅದರ ಉಷ್ಣತೆ ಕ್ಷಣಗಳಲ್ಲಿ ನೂರಾರು ಡಿಗ್ರಿ ಜಿಗಿಯುತ್ತದೆ. ಯಾವ ಹಂತದಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಅಂತ ಕೋಡ್‌ಗೆ ಹೇಳಿಕೊಡುವುದು ಪ್ರಯೋಗದ ಅಂಕಿಗಳು.

ಹರಿವಿನ ರೂಪವೂ ಮುಖ್ಯ. ನಿಂತ ಪೈಪಿನಲ್ಲಿ ಸಣ್ಣ ಗುಳ್ಳೆ, ಆಮೇಲೆ ದೊಡ್ಡ ಉದ್ದ ಗುಳ್ಳೆ, ಆಮೇಲೆ ಗೋಡೆಗೆ ನೀರಿನ ಪದರ ಅಂಟಿ ನಡುವೆ ಹಬೆ. ಕೈಗಾದಂಥ ರಿಯಾಕ್ಟರ್‌ನಲ್ಲಿ ಮಾತ್ರ ಪೈಪುಗಳು ಮಲಗಿವೆ. ಒಟ್ಟು 306 ಚಾನೆಲ್, ಒಂದೊಂದರಲ್ಲಿ 12 ಇಂಧನ ಕಟ್ಟು, ಕಟ್ಟಿಗೆ 19 ಕಡ್ಡಿ. ಹರಿವು ನಿಧಾನವಾದರೆ ಹಬೆ ಮೇಲೆ, ನೀರು ಕೆಳಗೆ ಬೇರೆಯಾಗುತ್ತವೆ. ಮೇಲಿನ ಕಡ್ಡಿಗಳು ಹಬೆಯಲ್ಲಿ ಒಣಗುತ್ತವೆ, ಕೆಳಗಿನವು ನೀರಲ್ಲೇ ಇರುತ್ತವೆ. ನಿಂತ ಪೈಪಿಗೆ ಮಾಡಿದ ಕೊರಿಲೇಷನ್ ಇಲ್ಲಿ ಹಾಕಿದರೆ ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ.

"ಒತ್ತಡ ತುಂಡಿನ ನಡುವೆ, ವೇಗ ತುಂಡಿನ ಗಡಿಯಲ್ಲಿ. ಯಾಕೆ ಹಿಂಗೆ? ಮತ್ತೆ ಡೋನರ್ ಸೆಲ್ ಅಂದ್ರೇನು?"

ಪೈಪನ್ನು ತುಂಡು ತುಂಡು ಮಾಡುತ್ತೇವೆ. ಒತ್ತಡ, ಉಷ್ಣತೆ, ವಾಯ್ಡ್ ಪ್ರತಿ ತುಂಡಿನ ನಡುವೆ ಇರುತ್ತವೆ. ವೇಗ ಎರಡು ತುಂಡಿನ ಗಡಿಯಲ್ಲಿ. ಎರಡು ಪಕ್ಕದ ಒತ್ತಡಗಳ ವ್ಯತ್ಯಾಸವೇ ಗಡಿಯಲ್ಲಿ ನೀರನ್ನು ತಳ್ಳುವುದು, ಹಾಗಾಗಿ ಇದು ಸಹಜ. ಎಲ್ಲವನ್ನೂ ನಡುವೆಯೇ ಇಟ್ಟರೆ ಒಂದು ಬಿಟ್ಟು ಒಂದು ತುಂಡಿನಲ್ಲಿ ಒತ್ತಡ ಏರಿಳಿಯುವ ಸುಳ್ಳು ಚಿತ್ರ ಬರುತ್ತದೆ.

ಡೋನರ್ ಸೆಲ್ ಅನ್ನು ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮಾನ್ವಿಯ ಕೊನೆ ಭಾಗದ ಹೊಲಕ್ಕೆ ನಾಳೆ ಏನು ಬರುತ್ತದೆ ಅಂತ ತಿಳಿಯಲು ಮೇಲಿನ ಗೇಟಿನವರನ್ನು ಕೇಳಬೇಕು. ಕೆಳಗಿನವರನ್ನು ಕೇಳಿ ಉಪಯೋಗ ಇಲ್ಲ. ಗಡಿ ದಾಟುವ ನೀರಿನ ಗುಣ ಮೇಲಿನ ತುಂಡಿನದ್ದೇ ಅಂತ ತೆಗೆದುಕೊಳ್ಳುವುದು ಡೋನರ್ ಸೆಲ್. ಗಟ್ಟಿಮುಟ್ಟಾದ ಪದ್ಧತಿ, ಲೆಕ್ಕ ಕುಸಿಯುವುದಿಲ್ಲ. ಅದಕ್ಕೆ ತೆರುವ ಬೆಲೆ ಅಂದರೆ ಚೂಪಾಗಿ ಇರಬೇಕಾದ ಗಡಿ ಹರಡಿ ಮಸುಕಾಗುತ್ತದೆ.

"ಟೈಮ್ ಸ್ಟೆಪ್ ಎಷ್ಟು ಇಡಬೇಕು?"

ಟೈಮ್ ಸ್ಟೆಪ್ ಅಂದರೆ ಲೆಕ್ಕ ಒಂದು ಹೆಜ್ಜೆಗೆ ಮುಂದೆ ಹೋಗುವ ಸಮಯ. ತುಂಡು 10 ಸೆಂ.ಮೀ., ನೀರಿನ ವೇಗ ಸೆಕೆಂಡಿಗೆ 5 ಮೀಟರ್ ಇದ್ದರೆ, ನೀರು ಒಂದು ತುಂಡು ದಾಟಲು 0.02 ಸೆಕೆಂಡ್. ಅದೇ ತುಂಡನ್ನು ಶಬ್ದದ ಅಲೆ, ಸೆಕೆಂಡಿಗೆ ಸುಮಾರು 1000 ಮೀಟರ್ ಅಂದುಕೊಳ್ಳಿ, 0.0001 ಸೆಕೆಂಡಿನಲ್ಲಿ ದಾಟುತ್ತದೆ. ಎಲ್ಲವನ್ನೂ ಹಳೆಯ ಸಮಯದ ಅಂಕಿಗಳಿಂದಲೇ ತೆಗೆಯುವ ಪೂರ್ತಿ ಎಕ್ಸ್‌ಪ್ಲಿಸಿಟ್ ಪದ್ಧತಿಯಲ್ಲಿ ಶಬ್ದಕ್ಕಿಂತ ದೊಡ್ಡ ಹೆಜ್ಜೆ ಇಟ್ಟರೆ ಲೆಕ್ಕ ಸಿಡಿಯುತ್ತದೆ. 1928ರಲ್ಲೇ ಕೂರಂಟ್, ಫ್ರೀಡ್ರಿಕ್ಸ್, ಲೂವಿ ಹೇಳಿದ ಮಿತಿ ಇದು. 1000 ಸೆಕೆಂಡಿನ ಅಪಘಾತಕ್ಕೆ ಒಂದು ಕೋಟಿ ಹೆಜ್ಜೆ ಬೇಕಾಗುತ್ತದೆ.

ಸೆಮಿ-ಇಂಪ್ಲಿಸಿಟ್ ಪದ್ಧತಿಯಲ್ಲಿ ಒತ್ತಡಕ್ಕೆ ಸಂಬಂಧಿಸಿದ್ದನ್ನು ಮಾತ್ರ ಹೊಸ ಸಮಯದಲ್ಲಿ ಬಿಡಿಸುತ್ತಾರೆ, ಉಳಿದದ್ದು ಹಳೆಯದರಲ್ಲಿ. ಆಗ ನೀರಿನ ವೇಗದ ಮಿತಿ ಸಾಕು. ಒಂದು ಕೋಟಿ 50,000ಕ್ಕೆ ಇಳಿಯುತ್ತದೆ. ಮಿತಿಯ ಅಂಚಿಗೇ ಹೋಗಬೇಡಿ, ಅರ್ಧದಷ್ಟಿಡಿ.

## ಆಳಕ್ಕೆ ಇಳಿದವರಿಗೆ

"ಮೆಶ್ ಸಣ್ಣ ಮಾಡಿದಷ್ಟೂ ಉತ್ತರ ಕೆಡ್ತಿದೆ. ಕೋಡ್‌ನಲ್ಲಿ ಬಗ್ ಇದೆಯಾ?"

ಮೆಶ್ ಅಂದರೆ ಪೈಪನ್ನು ಕತ್ತರಿಸಿದ ತುಂಡುಗಳ ಸಾಲು. ಬಗ್ ಇಲ್ಲದೆಯೂ ಹೀಗಾಗುತ್ತದೆ. ನಾನೇ ಇದರ ಹಿಂದೆ ಎರಡು ವಾರ ಅಲೆದಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರ್‍ಯಾನ್ಸಮ್ ಅವರ ನಲ್ಲಿ ಪರೀಕ್ಷೆ ಅಂತ ಇದೆ. 12 ಮೀಟರ್ ನಿಂತ ಪೈಪ್. ನೀರು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಕೆಳಗೆ ಬರುತ್ತದೆ, ಸುತ್ತ ಶೇಕಡಾ 20 ಗಾಳಿ. ಗುರುತ್ವ ಎಳೆದಂತೆ ಧಾರೆ ತೆಳ್ಳಗಾಗುತ್ತದೆ, ಮನೆ ನಲ್ಲಿಯ ಧಾರೆಯ ಹಾಗೇ. ಇದಕ್ಕೆ ಕೈಯಲ್ಲಿ ಬಿಡಿಸಿದ ನಿಖರ ಉತ್ತರ ಇರುವುದರಿಂದ ಕೋಡ್‌ನ ಬಣ್ಣ ಬಯಲಾಗುತ್ತದೆ. ನಾನು 24 ತುಂಡು ಹಾಕಿದಾಗ ನುಣುಪಾದ ಗೆರೆ ಬಂತು. 96 ಹಾಕಿದೆ, ಇನ್ನೂ ಚೂಪಾಯಿತು. ಖುಷಿಯಾಗಿ 768 ಹಾಕಿದೆ. ಗರಗಸದ ಹಲ್ಲಿನಂತೆ ಏರಿಳಿತ ಎದ್ದು ಪ್ರೋಗ್ರಾಂ ನಿಂತಿತು. ಎರಡು ವಾರ ಒಂದೊಂದು ಸಾಲೂ ತಡಕಿದೆ. ತಪ್ಪು ಸಾಲಿನಲ್ಲಿ ಇರಲಿಲ್ಲ, ಸಮೀಕರಣದಲ್ಲೇ ಇತ್ತು.

ಎರಡಕ್ಕೂ ಒಂದೇ ಒತ್ತಡ ಅಂದುಕೊಂಡ ಆರು ಸಮೀಕರಣಗಳಲ್ಲಿ, ನೀರು-ಹಬೆಯ ವೇಗ ಬೇರೆಯಾದಾಗ ಅಲೆಗಳ ವೇಗ ಕಾಂಪ್ಲೆಕ್ಸ್ ಸಂಖ್ಯೆ ಆಗಿಬಿಡುತ್ತದೆ. ಅಲೆ ಎಷ್ಟು ಚಿಕ್ಕದೋ ಅಷ್ಟು ಬೇಗ ಬೆಳೆಯುತ್ತದೆ. ಇದಕ್ಕೆ ಇಲ್-ಪೋಸ್ಡ್ ಅನ್ನುತ್ತೇವೆ. ದೊಡ್ಡ ತುಂಡಿದ್ದಾಗ ಡೋನರ್ ಸೆಲ್‌ನ ಮಸುಕು ಆ ಅಲೆಯನ್ನು ಅದುಮಿಡುತ್ತದೆ. ಸಣ್ಣ ಮಾಡಿದರೆ ಆ ರಕ್ಷಣೆ ಹೋಗುತ್ತದೆ. ಪರಿಹಾರ ಅಂದರೆ ಬಿಟ್ಟುಹೋದ ಭೌತಶಾಸ್ತ್ರವನ್ನು ವಾಪಸ್ ತರುವುದು. ನೀರು-ಹಬೆ ನಡುವಿನ ಗಡಿಯ ಒತ್ತಡದ ವ್ಯತ್ಯಾಸ ಸೇರಿಸಿ. ವರ್ಚುವಲ್ ಮಾಸ್ ಸೇರಿಸಿ, ಅಂದರೆ ಗುಳ್ಳೆ ವೇಗ ಹೆಚ್ಚಿಸಿಕೊಳ್ಳುವಾಗ ತನ್ನ ಗಾತ್ರದ ಅರ್ಧದಷ್ಟು ನೀರನ್ನೂ ಜೊತೆಗೆ ಎಳೆದುಕೊಂಡು ಹೋಗಬೇಕು ಅನ್ನುವುದು. ದಪ್ಪ ಮೆಶ್ ಇಟ್ಟು "ಸರಿ ಬಂತು" ಅಂತ ಥೀಸಿಸ್ ಕೊಡಬೇಡಿ, ದಯವಿಟ್ಟು.

"ಕೋಡ್ ಸ್ಟೇಬಲ್ ಅಂತ ತೋರಿಸ್ತಿದೆ. ಹಾಗಾದ್ರೆ ರಿಯಾಕ್ಟರೂ ಸ್ಟೇಬಲ್ ತಾನೇ?"

ಹಾಗೆ ಅಂದುಕೊಳ್ಳಬೇಡಿ. ಕುದಿಯುವ ಚಾನೆಲ್‌ನಲ್ಲಿ ಹರಿವು ತಾನಾಗಿ ತೂಗಾಡಬಹುದು. ಹರಿವು ಸ್ವಲ್ಪ ಕಡಿಮೆಯಾದರೆ ಹಬೆ ಜಾಸ್ತಿ, ಆ ಹಬೆಯ ಅಲೆ ಮೇಲೆ ಹೋಗಲು ಹೊತ್ತು ಬೇಕು. ಆ ತಡದಿಂದ ಹರಿವು, ಒತ್ತಡ ಒಂದಕ್ಕೊಂದು ತಳ್ಳಾಡುತ್ತವೆ. 1988ರಲ್ಲಿ ಅಮೆರಿಕದ ಲಾಸಾಲ್ ಎರಡನೇ ಘಟಕದಲ್ಲಿ ಪವರ್ ಹೀಗೆಯೇ ತೂಗಾಡಿ ರಿಯಾಕ್ಟರ್ ತಾನಾಗಿ ನಿಂತಿತು. ದಪ್ಪ ಮೆಶ್ ಮತ್ತು ಇಂಪ್ಲಿಸಿಟ್ ಪದ್ಧತಿ ಸೇರಿದರೆ ಇಂಥ ನಿಜವಾದ ಅಲೆಯನ್ನೂ ಒರೆಸಿ ಹಾಕುತ್ತವೆ. ಈ ಕೆಲಸಕ್ಕೆ ಮೆಶ್ ಸಣ್ಣದಿರಲಿ, ಕೂರಂಟ್ ಸಂಖ್ಯೆ, ಅಂದರೆ ಒಂದು ಹೆಜ್ಜೆಯಲ್ಲಿ ಹರಿವು ದಾಟುವ ತುಂಡುಗಳ ಲೆಕ್ಕ, 1ರ ಹತ್ತಿರ ಇರಲಿ.

"ಪೈಪ್ ಒಡೆದಾಗ ಹೊರಗೆ ಹೋಗೋ ನೀರನ್ನ ಬರ್ನೂಲಿ ಸೂತ್ರದಿಂದ ತೆಗೆಯಬಹುದಾ?"

ಆಗುವುದಿಲ್ಲ. ಒತ್ತಡದಿಂದ ವೇಗ ತೆಗೆಯುವ ಆ ಸೂತ್ರ ಸಾಂದ್ರತೆ ಬದಲಾಗದ ದ್ರವಕ್ಕೆ. ಶಬ್ದದ ವೇಗ ನೀರಿನಲ್ಲಿ ಸೆಕೆಂಡಿಗೆ 1500 ಮೀಟರ್, ಗಾಳಿಯಲ್ಲಿ 340. ಎರಡೂ ಅರ್ಧರ್ಧ ಬೆರೆತರೆ, ಸಾಧಾರಣ ಒತ್ತಡದಲ್ಲಿ, ಸುಮಾರು 20ಕ್ಕೆ ಬೀಳುತ್ತದೆ! ಮಿಶ್ರಣ ನೀರಿನಷ್ಟು ಭಾರ, ಗಾಳಿಯಷ್ಟು ಮೆತ್ತಗೆ. ಹಾಗಾಗಿ ಒಡೆದ ಬಾಯಲ್ಲಿ ಹರಿವು ಬೇಗ ಶಬ್ದದ ವೇಗ ಮುಟ್ಟಿ ಅಲ್ಲಿಗೇ ಕಟ್ಟಿಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಅದಕ್ಕೆ ಕ್ರಿಟಿಕಲ್ ಫ್ಲೋ ಮಾದರಿ ಬೇಕು.

ಕಲಿಯಲು ಒಳ್ಳೆಯದು 1970ರ ಎಡ್ವರ್ಡ್ಸ್ ಪೈಪ್ ಪ್ರಯೋಗ. ಸುಮಾರು 4 ಮೀಟರ್ ಪೈಪ್, 70 ಬಾರ್, 229 ಡಿಗ್ರಿ ನೀರು. ತುದಿಯ ಗಾಜಿನ ಬಿಲ್ಲೆ ಒಡೆದರು. ಆ ಉಷ್ಣತೆಗೆ ನೀರು ಕುದಿಯುವ ಒತ್ತಡ 27 ಬಾರ್. ಒತ್ತಡ ಒಂದು ಕ್ಷಣ ಅದಕ್ಕಿಂತಲೂ ಕೆಳಗೆ ಹೋಗಿ ಮೇಲೆ ಬಂತು, ಯಾಕೆಂದರೆ ಗುಳ್ಳೆ ಹುಟ್ಟಲು ಹೊತ್ತು ಬೇಕು. ಮೂರು ಸಮೀಕರಣದ ಮಾದರಿಗೆ ಆ ತಗ್ಗು ಕಾಣುವುದೇ ಇಲ್ಲ.

"ಸಿಎಫ್‌ಡಿ ಇರುವಾಗ ಹಳೇ ಒನ್-ಡಿ ಕೋಡ್ ಯಾಕೆ?"

ಸಿಎಫ್‌ಡಿ ಅಂದರೆ ಹರಿವನ್ನು ಮೂರು ಆಯಾಮದಲ್ಲಿ ಬಿಡಿಸುವುದು, ಒನ್-ಡಿ ಅಂದರೆ ಪೈಪಿನ ಉದ್ದಕ್ಕೆ ಮಾತ್ರ. ಪೂರ್ತಿ ಸ್ಥಾವರ, ಪಂಪು, ಸ್ಟೀಮ್ ಜನರೇಟರ್, ಗಂಟೆಗಟ್ಟಲೆ ನಡೆಯುವ ಘಟನೆ. ಇಷ್ಟನ್ನೂ ಮೂರು ಆಯಾಮದಲ್ಲಿ ಗುಳ್ಳೆ ಸಮೇತ ಬಿಡಿಸಲು ಇವತ್ತಿಗೂ ಆಗುವುದಿಲ್ಲ. ಒಂದು ಇಂಧನ ಕಟ್ಟಿನ ಸಂದಿಗೆ, ಒಂದು ಗುಳ್ಳೆ ಹುಟ್ಟುವುದಕ್ಕೆ ಸಿಎಫ್‌ಡಿ ಹಾಕಿ. ಅಲ್ಲಿ ಸಿಕ್ಕಿದ್ದನ್ನು ಒನ್-ಡಿ ಕೋಡ್‌ಗೆ ಕೊರಿಲೇಷನ್ ಆಗಿ ಕೊಡಿ.

"ಕೊನೆಗೆ ಉತ್ತರವನ್ನ ನಂಬೋದು ಹೇಗೆ?"

ಒಂದೇ ಸಲ ಓಡಿಸಿ ನಂಬುವುದಿಲ್ಲ. ಒಳಗೆ ಹಾಕಿದ ಸ್ಲಿಪ್, ಶಾಖ ವರ್ಗಾವಣೆ, ಉಳಿಕೆ ಬಿಸಿ ಎಲ್ಲವನ್ನೂ ಅವುಗಳ ಅನಿಶ್ಚಿತತೆಯ ಒಳಗೆ ಲಾಟರಿಯಂತೆ ಬದಲಿಸಿ ಮತ್ತೆ ಮತ್ತೆ ಓಡಿಸುತ್ತೇವೆ. 59 ಸಲ ಓಡಿಸಿ ಇಂಧನ ಕಡ್ಡಿಯ ಹೊದಿಕೆಯ ಅತಿ ಹೆಚ್ಚಿನ ಉಷ್ಣತೆ ತೆಗೆದುಕೊಂಡರೆ, 100ರಲ್ಲಿ 95 ಪಾಲು ಸಂದರ್ಭಗಳು ಅದರ ಕೆಳಗೇ ಇರುತ್ತವೆ ಅಂತ ಶೇಕಡಾ 95 ಭರವಸೆಯಿಂದ ಹೇಳಬಹುದು. 59 ಎಲ್ಲಿಂದ ಬಂತು? 0.95 ಅನ್ನು 59 ಸಲ ಗುಣಿಸಿ ನೋಡಿ, 0.05ಕ್ಕಿಂತ ಕೆಳಗೆ ಬರುತ್ತದೆ. ಕೋಡ್ ಎಷ್ಟು ದೊಡ್ಡದಾದರೂ ಈ ಸಂಖ್ಯೆ ಬದಲಾಗುವುದಿಲ್ಲ, ಇದು ನನಗೆ ಬಹಳ ಇಷ್ಟವಾದ ವಿಷಯ. ಆ ಉಷ್ಣತೆ ಅಮೆರಿಕದ ನಿಯಮದಲ್ಲಿ 1204 ಡಿಗ್ರಿ ದಾಟಬಾರದು. ನಮ್ಮಲ್ಲಿ ಇಂಥ ಸುರಕ್ಷತಾ ಲೆಕ್ಕಗಳನ್ನು ಪರಿಶೀಲಿಸುವುದು 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿ.

"ರಾಯಚೂರಲ್ಲಿ ಕೂತು ಇದನ್ನ ಕಲೀಬಹುದಾ ಸರ್? ದೊಡ್ಡ ಕೋಡ್ ನಮಗೆ ಸಿಗಲ್ಲ."

ಖಂಡಿತ ಕಲಿಯಬಹುದು. ದೊಡ್ಡ ಕೋಡ್ ಮೊದಲೇ ಸಿಗದಿರುವುದು ಒಳ್ಳೆಯದೇ ಅನ್ನುತ್ತೇನೆ. ಸಾಧಾರಣ ಲ್ಯಾಪ್‌ಟಾಪ್, ಪೈಥಾನ್, 1997ರ ಅಂತರರಾಷ್ಟ್ರೀಯ ಸ್ಟೀಮ್ ಟೇಬಲ್ ಸೂತ್ರಗಳು ಸಾಕು. ಮೊದಲು ಬಿಸಿ ಮಾಡಿದ ಒಂದೇ ಪೈಪ್, 50 ತುಂಡು, ಮೂರು ಸಮೀಕರಣ, ಬದಲಾಗದ ಹರಿವು. 70 ಬಾರ್‌ಗೆ ಶೇಕಡಾ 10 ಹಬೆ ಬಂದ ಕಡೆ ವಾಯ್ಡ್ ಶೇಕಡಾ 69 ಬರುತ್ತಾ ನೋಡಿ. ಬಂದರೆ ಸ್ಲಿಪ್ ಸೇರಿಸಿ. ಆಮೇಲೆ ಸಮಯ ಸೇರಿಸಿ, ಸೆಮಿ-ಇಂಪ್ಲಿಸಿಟ್ ಮಾಡಿ. ಆಮೇಲೆ ನಲ್ಲಿ ಪರೀಕ್ಷೆ, ಕೊನೆಗೆ ಎಡ್ವರ್ಡ್ಸ್ ಪೈಪ್. ಒಂದು ಸೆಮಿಸ್ಟರ್ ಹಿಡಿಯುತ್ತದೆ. ನಡುವೆ ಒಮ್ಮೆ ಯಾವುದಾದರೂ ರೈಸ್ ಮಿಲ್‌ಗೆ ಹೋಗಿ, ಆಪರೇಟರ್ ಅನ್ನು ಕೇಳಿ, ವಾಲ್ವ್ ತೆರೆಯುವ ಹೊತ್ತಿಗೆ ಗೇಜ್ ಗ್ಲಾಸ್ ಮುಂದೆ ನಿಲ್ಲಿ.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೇಳಿ. ಬರೀ ಗ್ರಾಫ್ ತರಬೇಡಿ. ಎಷ್ಟು ತುಂಡು, ಎಷ್ಟು ಟೈಮ್ ಸ್ಟೆಪ್, ಯಾವ ಕೊರಿಲೇಷನ್ ಅಂತ ಬರೆದುಕೊಂಡು ಬನ್ನಿ.